ಕಾಸ್ಮೊಪಾಲಿಟನ್ ಎಂಬ ಮಾತು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವ ಹತ್ತಿರ ಬಂದಾಗ ಕನ್ನಡದ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ನಾನಾದರೋ ಒಂದು ಇಂಗ್ಲಿಷ್ ಶಬ್ದವನ್ನು ಹಿಡಿದುಕೊಂಡು ತಮ್ಮ ಮುಂದೆ ನಿಂತಿದ್ದೇನೆ. ವಿಷಯವೇನೆಂದು ಕಾರ್ಯದರ್ಶಿಗಳು ಕೇಳಿದಾಗ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ, ಅರ್ಧ ಗಂಟೆ ಮೀರಬೇಡಿ” ಎಂದರು. ನಾನು ಭಾಷಾಶಾಸ್ತ್ರವನ್ನು ಓದಿದವನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ, ಅಂಕಿ ಎಲ್ಲಿ ತಪ್ಪಿತೆಂದು ಒಂದೊಂದೇ ಬಾಬನ್ನು ಹಿಂದಕ್ಕೆ ನೋಡುತ್ತ ಹೋಗುವುದು ನಮ್ಮ ಕಸುಬಿನ ಅಭ್ಯಾಸ. ಈ ಶಬ್ದವನ್ನೂ ಹಾಗೆಯೇ ಹಿಂದಕ್ಕೆ ಹುಡುಕಿಕೊಂಡು ಹೋದೆ. ಸಿಕ್ಕಿದ್ದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಹುಡುಕಬೇಕಾಗಿ ಬಂದ ಕಾರಣ ಇದು. ನಾವಿರುವ ಕಟ್ಟಡದಲ್ಲಿ ಎಂಟು ಕನ್ನಡದ ಮನೆಗಳಿವೆ. ಮಕ್ಕಳಿಗೆ ಮಾತು ಬರುತ್ತದೆ, ಅಕ್ಷರ ಬಾರದು. ಕೆಳಗಡೆ ಎಲ್ಲರಿಗೂ ಸೇರಿದ ಒಂದು ಕೋಣೆಯಿದೆ. ಭಾನುವಾರ ಬೆಳಿಗ್ಗೆ ಅದು ಖಾಲಿ. ಅಲ್ಲಿ ಒಂದು ಗಂಟೆ ಕಾಲ ಕನ್ನಡ ಕಲಿಸಲು ಅಪ್ಪಣೆಯಾಗಬೇಕೆಂದು ಕಟ್ಟಡದ ಸಮಿತಿಗೆ ಅರ್ಜಿ ಕೊಟ್ಟೆವು. ಸಮಿತಿಯವರು ಸಭ್ಯರು; ಒರಟಾಗಿ ಒಂದು ಮಾತನ್ನೂ ಆಡಲಿಲ್ಲ. ನಗುತ್ತಲೇ, “ನಮ್ಮದು ಕಾಸ್ಮೊಪಾಲಿಟನ್ ಕಟ್ಟಡ, ಇಲ್ಲಿ ಭಾಷೆ, ಪ್ರಾಂತ ಅಂತೆಲ್ಲ ಏಕೆ?” ಎಂದರು. ಅದೇ ಕೋಣೆಯಲ್ಲಿ ಶನಿವಾರ ಸಂಜೆ ಮಕ್ಕಳಿಗೆ ಇಂಗ್ಲಿಷ್ ಭಾಷಣ ಕಲಿಸುವ ತರಗತಿ ನಡೆಯುತ್ತದೆ. ಅದು ಭಾಷೆಯೆಂದು ಅವರಿಗೆ ಹೊಳೆದಿರಲಿಲ್ಲ. ಸತ್ಯ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗೂ ಹೊಳೆಯಲಿಲ್ಲ. ಮನೆಗೆ ಬಂದಾಗ ಒಂಬತ್ತು ವರ್ಷದ ಮಗಳು, “ಅಪ್ಪಾ, ಕಾಸ್ಮೊಪಾಲಿಟನ್ ಅಂದ್ರ ಕನ್ನಡ ಬ್ಯಾಡ ಅಂತೇನು?” ಎಂದು ಕೇಳಿದಳು. ಉತ್ತರ ಗೊತ್ತಿರಲಿಲ್ಲ. ಊಟಕ್ಕೆ ಏಳು ಎಂದೆ.

ಆ ರಾತ್ರಿ ನಿಘಂಟು ತೆರೆದೆ. ಎರಡು ಅರ್ಥ ಕಂಡವು. ಒಂದು, ನಾನಾ ದೇಶದ ಜನ ಕೂಡಿ ಬಾಳುವ ಸ್ಥಳ. ಇನ್ನೊಂದು, ತನ್ನ ದೇಶ, ತನ್ನ ಪ್ರಾಂತ ಎಂಬ ಕಟ್ಟಿನಿಂದ ಬಿಡಿಸಿಕೊಂಡ ಮನುಷ್ಯ. ಸಮಿತಿಯವರು ಮೊದಲನೆಯ ಅರ್ಥದಲ್ಲಿ ಮಾತು ಆರಂಭಿಸಿ ಎರಡನೆಯದರಲ್ಲಿ ಮುಗಿಸಿದ್ದರು. ಒಂದು ಖಾತೆಯ ಹಣವನ್ನು ಇನ್ನೊಂದಕ್ಕೆ ಜಮಾ ಮಾಡಿದಂತೆ.

ಶಬ್ದ ಮೂಲದಲ್ಲಿ ಗ್ರೀಕರದು. ‘ಕೊಸ್ಮೊಸ್’ ಎಂದರೆ ಅಚ್ಚುಕಟ್ಟು, ಒಪ್ಪ, ಅಲಂಕಾರ. ಹೆಂಗಸರು ಮುಖಕ್ಕೆ ಹಚ್ಚಿಕೊಳ್ಳುವ ಕಾಸ್ಮೆಟಿಕ್ಸ್ ಕೂಡ ಇದೇ ಬೇರಿನದು. ಅಚ್ಚುಕಟ್ಟಾಗಿ ಜೋಡಿಸಿದಂತಿರುವ ಭೂಮಿ ಆಕಾಶಗಳಿಗೆ ಗ್ರೀಕ್ ತತ್ತ್ವಜ್ಞಾನಿಗಳು ಆ ಹೆಸರನ್ನೇ ಇಟ್ಟರು. ‘ಪೊಲಿಸ್’ ಎಂದರೆ ನಗರ, ‘ಪೊಲಿತೇಸ್’ ಎಂದರೆ ನಗರದ ಪ್ರಜೆ. ಎರಡನ್ನೂ ಕೂಡಿಸಿದರೆ ‘ಕೊಸ್ಮೊಪೊಲಿತೇಸ್’, ವಿಶ್ವನಗರದ ಪ್ರಜೆ. ಇಷ್ಟು ಹೇಳಿ ಬಿಟ್ಟರೆ ಬಹಳ ಸೊಗಸಾದ ಮಾತಾಗಿ ಕಾಣುತ್ತದೆ. ಆದರೆ ಆ ಕಾಲದಲ್ಲಿ ಪೊಲಿಸ್ ಎಂದರೆ ಏನಾಗಿತ್ತೆಂಬುದು ತಿಳಿಯದೆ ಇದರ ಖಾರ ತಿಳಿಯದು.

ಗ್ರೀಕರಿಗೆ ನಗರವೆಂದರೆ ಬರಿಯ ಮನೆಬೀದಿಗಳಲ್ಲ. ಸಭೆಯಲ್ಲಿ ಕೈಯೆತ್ತುವ ಹಕ್ಕು, ನೆಲ ಹೊಂದುವ ಹಕ್ಕು, ನ್ಯಾಯಸ್ಥಾನದಲ್ಲಿ ನಿಲ್ಲುವ ಧೈರ್ಯ, ಊರ ದೇವರ ಹಬ್ಬದಲ್ಲಿ ಪಾಲು, ಇವೆಲ್ಲ ಸೇರಿ ನಗರ. ಅಥೆನ್ಸಿನಲ್ಲಿ ಬಂದು ನೆಲೆಸಿದ ಹೊರಗಿನವರಿಗೆ ಮೆಟೊಯ್ಕರು ಎಂದು ಹೆಸರು. ಅವರು ದುಡಿಯಬಹುದು, ವ್ಯಾಪಾರ ಮಾಡಬಹುದು. ಸಾಮಾನ್ಯವಾಗಿ ನೆಲ ಕೊಳ್ಳುವಂತಿರಲಿಲ್ಲ, ತಲೆಗಂದಾಯ ತೆರಬೇಕು, ತಮ್ಮ ಪರವಾಗಿ ನಿಲ್ಲಲು ಊರಿನ ಒಬ್ಬ ಪ್ರಜೆಯನ್ನು ಹಿಡಿಯಬೇಕು. ಹಿಂದೆ ನಮ್ಮ ಬ್ಯಾಂಕುಗಳಲ್ಲಿ ಖಾತೆ ತೆರೆಯುವುದಕ್ಕೆ ಹಳೆಯ ಖಾತೆದಾರರೊಬ್ಬರ ರುಜು ಬೇಕಾಗಿದ್ದಂತೆ. ಯಾವ ನಗರಕ್ಕೂ ಸೇರದವನು ಗ್ರೀಕರ ಕಣ್ಣಿಗೆ ಅರ್ಧ ಮನುಷ್ಯ.

ಕನ್ನಡದಲ್ಲಿ ಇದಕ್ಕೆ ಒಂದು ಮಾತಿದೆಯಲ್ಲ. ಪರದೇಶಿ! ಅಕ್ಷರಶಃ ನೋಡಿದರೆ ಬೇರೆ ದೇಶದವನು. ಆದರೆ ನಮ್ಮ ಅಜ್ಜಿಯಂದಿರು ಯಾರನ್ನು ಪರದೇಶಿ ಎನ್ನುತ್ತಿದ್ದರು? ದಿಕ್ಕಿಲ್ಲದವನನ್ನು, ಕೇಳುವವರಿಲ್ಲದ ಕೂಸನ್ನು. ಊರು ಬಿಟ್ಟವನಿಗೂ ಅನಾಥನಿಗೂ ಒಂದೇ ಹೆಸರಿಟ್ಟರಲ್ಲ ನಮ್ಮ ಹಿರಿಯರು, ಗ್ರೀಕರ ಭಯವೇ ಅವರದೂ ಆಗಿದ್ದಿರಬೇಕು. ಇಲ್ಲಿ ಕುಳಿತಿರುವ ನಾವೆಲ್ಲ ಮೊದಲ ವರ್ಷ ಅದನ್ನು ಕಂಡವರೇ.

ಅಂಥ ಒಬ್ಬ ಪರದೇಶಿಯ ಬಾಯಲ್ಲಿ ಈ ಶಬ್ದ ಹುಟ್ಟಿತೆಂದು ಹೇಳುತ್ತಾರೆ. ಕ್ರಿ.ಪೂ. 4ನೆಯ ಶತಮಾನದ ದಿಯೊಗೆನೆಸ್ ಅವನ ಹೆಸರು. ಇಂಗ್ಲಿಷ್ ಓದಿದವರು ಡಯೊಜಿನೀಸ್ ಎನ್ನುತ್ತಾರೆ. ಹುಟ್ಟೂರು ಕಪ್ಪು ಸಮುದ್ರದ ದಂಡೆಯ ಸಿನೊಪೆ, ಈಗಿನ ತುರ್ಕಿಯಲ್ಲಿದೆ. ಅವನ ಕಥೆಯನ್ನು ನಮಗೆ ಉಳಿಸಿಕೊಟ್ಟವನು ದಿಯೊಗೆನೆಸ್ ಲಾಯೆರ್ಟಿಯಸ್ ಎಂಬ ಇನ್ನೊಬ್ಬ. ಬರೆದದ್ದು ಐದು ನೂರು ವರ್ಷಗಳ ಮೇಲೆ. ಆದಕಾರಣ ಕಥೆಯನ್ನು ಕಥೆಯೆಂದೇ ತೆಗೆದುಕೊಳ್ಳಬೇಕು. ಆದರೂ ನಮ್ಮಂಥವರಿಗೆ ಅದು ರುಚಿಸುತ್ತದೆ. ಏಕೆಂದರೆ ದಿಯೊಗೆನೆಸನ ತಂದೆ ಹಿಕೇಸಿಯಸ್ ಲೇವಾದೇವಿಯವನು, ಅಂದರೆ ಆ ಕಾಲದ ಬ್ಯಾಂಕಿನವನು! ಊರಿನ ನಾಣ್ಯಗಳನ್ನು ಕೆಡಿಸಿದರೆಂಬ ಅಪವಾದ ತಂದೆಮಕ್ಕಳ ಮೇಲೆ ಬಂತು. ಇದು ಬರಿಯ ಕಟ್ಟುಕಥೆಯಲ್ಲವೆಂದು ತೋರುತ್ತದೆ. ಉಳಿಯಿಂದ ಕಚ್ಚುಹಾಕಿದ ಸಿನೊಪೆಯ ನಾಣ್ಯಗಳೂ ಹಿಕೇಸಿಯಸನ ಹೆಸರುಳ್ಳ ನಾಣ್ಯಗಳೂ ವಿದ್ವಾಂಸರಿಗೆ ಸಿಕ್ಕಿವೆ. ಕಳ್ಳನಾಣ್ಯಗಳನ್ನು ಚಲಾವಣೆಯಿಂದ ತೆಗೆಯಲು ಹಾಗೆ ಮಾಡಿದರೋ, ಇನ್ನಾವ ಉದ್ದೇಶವೋ, ವಿದ್ವಾಂಸರಲ್ಲಿ ವಾದವಿದೆ. ನಗದು ವಿಭಾಗದಲ್ಲಿ ಕುಳಿತವರಿಗೆ ಇಷ್ಟು ಗೊತ್ತು: ಒಳ್ಳೆಯ ಉದ್ದೇಶ ತನಿಖೆಯ ಕಾಲದಲ್ಲಿ ಸಹಾಯಕ್ಕೆ ಬರುವುದಿಲ್ಲ.

ಅಂತೂ ದಿಯೊಗೆನೆಸ್ ಊರು ಬಿಡಬೇಕಾಯಿತು. ಸಿನೊಪೆಯವರು ನಿನಗೆ ಗಡೀಪಾರಿನ ಶಿಕ್ಷೆ ಕೊಟ್ಟರಂತಲ್ಲ ಎಂದು ಯಾರೋ ಹಂಗಿಸಿದರೆ, ಅವರಿಗೆ ಅಲ್ಲಿಯೇ ಇರುವ ಶಿಕ್ಷೆಯನ್ನು ನಾನು ಕೊಟ್ಟೆನೆಂದನಂತೆ. ಅಥೆನ್ಸಿಗೆ ಬಂದು ದೊಡ್ಡದೊಂದು ಮಣ್ಣಿನ ವಾಡೆಯಲ್ಲಿ ಮಲಗಿದ, ತಿರಿದು ತಿಂದ, ದೊಡ್ಡವರೆನಿಸಿಕೊಂಡವರನ್ನೆಲ್ಲ ಕೆಣಕಿದ. ನಿನ್ನ ಊರು ಯಾವುದೆಂದು ಕೇಳಿದಾಗ ಒಂದೇ ಶಬ್ದದಲ್ಲಿ ಉತ್ತರ ಕೊಟ್ಟ: ಕೊಸ್ಮೊಪೊಲಿತೇಸ್.

ಈ ಉತ್ತರವನ್ನು ನಾವು ಈಗ ಹಬ್ಬದ ಭಾಷಣಗಳಲ್ಲಿ ಬಳಸುವಂತೆ, ಜಗತ್ತೆಲ್ಲ ನನ್ನ ಬಂಧು ಎಂಬ ಭಾವದಲ್ಲಿ ಅವನು ಹೇಳಿದನೆಂದು ನನಗೆ ತೋರುವುದಿಲ್ಲ. ನಾನು ಯಾವ ಊರಿನ ಅಂಕೆಯಲ್ಲಿಯೂ ಇಲ್ಲ, ನನ್ನನ್ನು ಊರಿನ ಹೆಸರಿನಿಂದ ಕಟ್ಟಬೇಡಿ ಎಂಬುದೇ ಅದರ ಧ್ವನಿ. ಹೊರಗೆ ಹಾಕಿಸಿಕೊಂಡವನ ಸೆಡವು ಅದರಲ್ಲಿದೆ. ಸಿನೊಪೆಯಲ್ಲಿದ್ದ ಖಾತೆಯನ್ನು ಮುಚ್ಚಿದ, ಬೇರೆ ಎಲ್ಲಿಯೂ ತೆರೆಯಲಿಲ್ಲ. ಅವನಿಗೆ ಅದು ಒಪ್ಪುತ್ತದೆ. ಕಳೆದುಕೊಳ್ಳುವುದು ಏನೂ ಉಳಿಯದವನ ಮಾತು ಅದು. ಬೆಚ್ಚಗೆ ಮನೆಯಿದ್ದು, ಸಭೆಯಲ್ಲಿ ಕುರ್ಚಿಯಿದ್ದು, ಆ ಮಾತನ್ನು ಇನ್ನೊಬ್ಬರ ಅರ್ಜಿ ತಳ್ಳಿಹಾಕಲು ಬಳಸಿದರೆ ಅರ್ಥ ಅದೇ ಇರುತ್ತದೆಯೇ?

ಈ ಶಬ್ದಕ್ಕೆ ಮುಂದೆ ತಿರುಳು ತುಂಬಿದವರು ಸ್ಟೋಯಿಕರೆಂಬ ಪಂಥದವರು. ಅವರ ಮೂಲಪುರುಷ ಜೆನೊ ಕೂಡ ವಲಸೆಗಾರನೇ. ಸೈಪ್ರಸ್ ದ್ವೀಪದ ಕಿತಿಯೊನ್ ಎಂಬ ಊರಿನವನು, ಅಥೆನ್ಸಿನಲ್ಲಿ ಚಿತ್ರ ಬರೆದ ಮೊಗಸಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ. ಮನುಷ್ಯರೆಲ್ಲ ಬೇರೆ ಬೇರೆ ಊರುಗಳ ಬೇರೆ ಬೇರೆ ಕಟ್ಟಳೆಗಳಲ್ಲಿ ಹರಿದು ಹಂಚಿಹೋಗದೆ ಒಂದೇ ಊರಿನವರಂತೆ ಬಾಳಬೇಕೆಂಬುದು ಅವನ ಬೋಧೆಯಾಗಿತ್ತೆಂದು ಪ್ಲುಟಾರ್ಕ್ ಹೇಳುತ್ತಾನೆ. ಅದೇ ಜೆನೊವಿನ ಬಗ್ಗೆ ಲಾಯೆರ್ಟಿಯಸ್ ಹೇಳುವ ಒಂದು ಸಣ್ಣ ಸಂಗತಿ ನನಗೆ ಇಡೀ ತತ್ತ್ವಕ್ಕಿಂತ ಹೆಚ್ಚಾಗಿ ಹಿಡಿಸಿತು. ಸ್ನಾನಗೃಹವೊಂದರ ಜೀರ್ಣೋದ್ಧಾರಕ್ಕೆ ಜೆನೊ ಹಣ ಕೊಟ್ಟಿದ್ದ. ದಾನಿಗಳ ಹೆಸರನ್ನು ಕಂಬದ ಮೇಲೆ ಕೆತ್ತಿಸುವಾಗ ‘ತತ್ತ್ವಜ್ಞಾನಿ ಜೆನೊ’ ಎಂದು ಬರೆದರು. ಅವನು ನೋಡಿ, ‘ಕಿತಿಯೊನಿನ’ ಎಂಬ ಮಾತನ್ನೂ ಸೇರಿಸಿ ಎಂದು ಕೇಳಿಕೊಂಡನಂತೆ. ವಿಶ್ವವೇ ಒಂದು ಊರೆಂದು ಕಲಿಸಿದವನಿಗೆ ತನ್ನೂರಿನ ಹೆಸರು ಬಿಟ್ಟುಹೋದದ್ದು ಒಪ್ಪಲಿಲ್ಲ! ಗೇಣಿಯ ಕಾಗದದಲ್ಲಾಗಲಿ ಮದುವೆಯ ಕರೆಯೋಲೆಯಲ್ಲಾಗಲಿ ಹೆಸರಿನ ಹಿಂದೆ ಊರನ್ನು ಹಚ್ಚಿಕೊಳ್ಳುವ ನಮ್ಮ ಬಡಗಣ ಸೀಮೆಯ ಜನಕ್ಕೆ ಇದು ಥಟ್ಟನೆ ಅರ್ಥವಾಗುತ್ತದೆ.

ಅದೇ ಪಂಥದ ಹಿಯೆರೊಕ್ಲೆಸ್ ಎಂಬವನು ಕ್ರಿ.ಶ. 2ನೆಯ ಶತಮಾನದಲ್ಲಿ ಒಂದು ಚಿತ್ರ ಕೊಟ್ಟ. ನಡುವೆ ನಾನು, ಸುತ್ತ ಮನೆಯವರ ಒಂದು ವರ್ತುಲ, ಅದರಾಚೆ ನಂಟರು, ಅದರಾಚೆ ಊರವರು, ನಾಡವರು, ಕಡೆಗೆ ಎಲ್ಲ ಮನುಷ್ಯರೂ. ಹೊರಗಿನ ವರ್ತುಲದವರನ್ನು ಒಂದೊಂದು ಮೆಟ್ಟಿಲು ಒಳಗೆ ಕರೆದುಕೊಳ್ಳುತ್ತ ಬರುವುದು ನಮ್ಮ ಕೆಲಸವೆಂದ. ಒಳಗಿನ ವರ್ತುಲಗಳನ್ನು ಅಳಿಸಿಹಾಕಿರೆಂದು ಅವನು ಹೇಳಲಿಲ್ಲ. ಅಳಿಸಿದರೆ ಕರೆದುಕೊಳ್ಳುವುದು ಎಲ್ಲಿಗೆ?

ಇಂಗ್ಲಿಷಿಗೆ ಈ ಶಬ್ದ ಬಂದದ್ದು 16ನೆಯ ಶತಮಾನದಲ್ಲಿ. ರಾಣಿ ಎಲಿಜಬೆತ್ತಳ ಕಾಲದ ಗಣಿತಜ್ಞ ಜಾನ್ ಡೀ 1577ರಲ್ಲಿ ಅಚ್ಚುಮಾಡಿಸಿದ ನೌಕಾವಿದ್ಯೆಯ ಪುಸ್ತಕದಲ್ಲಿ ತನ್ನನ್ನು ವಿಶ್ವನಗರದ ಪ್ರಜೆಯೆಂದು ಭಾವಿಸುವವನ ಮಾತು ಬರುತ್ತದೆ. ಆ ಪುಸ್ತಕದ ಮುಖ್ಯ ವಾದವೇನು ಬಲ್ಲಿರಾ? ಇಂಗ್ಲೆಂಡು ಕಾಯಂ ಆದ ಒಂದು ನೌಕಾಪಡೆಯನ್ನು ಇಟ್ಟು ಸಮುದ್ರವನ್ನು ಕೈವಶ ಮಾಡಿಕೊಳ್ಳಬೇಕೆಂಬುದು. ಬ್ರಿಟಿಷ್ ಸಾಮ್ರಾಜ್ಯವೆಂಬ ಮಾತನ್ನು ಬಳಕೆಗೆ ತಂದವರಲ್ಲಿ ಡೀ ಮೊದಲಿಗ. ವಿಶ್ವದ ಪ್ರಜೆ ಮತ್ತು ವಿಶ್ವದ ಒಡೆಯ, ಎರಡೂ ಒಂದೇ ಹಡಗಿನಲ್ಲಿ ಹೊರಟವು. ಈ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಫ್ರಾನ್ಸಿನಲ್ಲಿ ಈ ಶಬ್ದಕ್ಕೆ ಬೇಗನೆ ಕೆಟ್ಟ ಹೆಸರು ಬಂತು. 1762ರಲ್ಲಿ ಹೊರಬಂದ ಫ್ರೆಂಚ್ ಅಕಾಡೆಮಿಯ ನಿಘಂಟು, ಯಾವ ನಾಡನ್ನೂ ತನ್ನದೆಂದು ಒಪ್ಪದವನೆಂದು ಅರ್ಥ ಕೊಟ್ಟು, ಇಂಥವನು ಒಳ್ಳೆಯ ಪ್ರಜೆಯಲ್ಲವೆಂಬ ಉದಾಹರಣೆಯನ್ನೂ ಕೊಟ್ಟಿತು. ನಿಘಂಟಿನಲ್ಲಿಯೇ ತೀರ್ಪು! ಅದೇ ವರ್ಷ ಪ್ರಕಟವಾದ ‘ಎಮಿಲ್’ ಗ್ರಂಥದಲ್ಲಿ ರೂಸೊ, ಹತ್ತಿರದವರಿಗೆ ಮಾಡಬೇಕಾದದ್ದನ್ನು ತಪ್ಪಿಸಿಕೊಳ್ಳಲು ದೂರದವರನ್ನು ಪ್ರೀತಿಸುವ ಜನ ಇವರೆಂದು ಹಳಿದ. ಅದೇ 1762ರಲ್ಲಿ ಸಮುದ್ರದ ಆಚೆ ಲಂಡನ್ನಿನಲ್ಲಿ ಆಲಿವರ್ ಗೋಲ್ಡ್‌ಸ್ಮಿತ್ ‘ವಿಶ್ವದ ಪ್ರಜೆ’ ಎಂಬ ಅರ್ಥದ ಹೆಸರಿಟ್ಟು, ಚೀನಾದ ಪಂಡಿತನೊಬ್ಬ ಇಂಗ್ಲಿಷರನ್ನು ನೋಡಿ ಬರೆದನೆಂಬಂತೆ ಪತ್ರಗಳ ಪುಸ್ತಕವನ್ನು ಪ್ರಕಟಿಸಿದ. ಗೋಲ್ಡ್‌ಸ್ಮಿತ್ ಐರ್ಲೆಂಡಿನವನು, ಲಂಡನ್ನಿನಲ್ಲಿ ಹೊಟ್ಟೆ ಹೊರೆಯಲು ಬಂದವನು. ಒಂದೇ ವರ್ಷ, ಒಂದೇ ಶಬ್ದ. ಊರಿನವರಿಗೆ ಬೈಗುಳು, ವಲಸೆ ಬಂದವನಿಗೆ ಆಸರೆ.

ಇನ್ನೊಂದು ವಿಚಿತ್ರವಿದೆ. ರಾಷ್ಟ್ರೀಯತೆಯನ್ನು ಒಲ್ಲೆನೆನ್ನುವ ಶಬ್ದವೆಂದು ಇದನ್ನು ನಾವು ಇಂದು ತಿಳಿದಿದ್ದೇವಷ್ಟೆ. ಆದರೆ ನ್ಯಾಷನಲಿಸಂ ಎಂಬ ಶಬ್ದ ಯುರೋಪಿನಲ್ಲಿ ಕಣ್ಣುಬಿಟ್ಟದ್ದು 18ನೆಯ ಶತಮಾನದ ಕೊನೆಗೆ. ಒಲ್ಲೆನೆನ್ನುವ ಮಾತು, ಒಲ್ಲದ ವಸ್ತುವಿಗೆ ಹೆಸರು ಬರುವುದಕ್ಕಿಂತ ಎರಡು ಸಾವಿರ ವರ್ಷ ಮುಂಚೆಯೇ ಹುಟ್ಟಿತ್ತು. 1795ರಲ್ಲಿ ಕಾಂಟ್ ಶಾಶ್ವತ ಶಾಂತಿಯನ್ನು ಕುರಿತ ಗ್ರಂಥದಲ್ಲಿ, ಪರಸ್ಥಳಕ್ಕೆ ಬಂದವನನ್ನು ಹಗೆಯಂತೆ ಕಾಣಬಾರದೆಂಬುದಷ್ಟೇ ವಿಶ್ವಪ್ರಜೆಯ ಹಕ್ಕೆಂದು ಅಳೆದು ಬರೆದ. ಕಾಂಟ್ ತನ್ನ ಕೋನಿಗ್ಸ್‌ಬರ್ಗನ್ನು ಬಿಟ್ಟು ದೂರ ಹೋದವನೇ ಅಲ್ಲ. ಎರಡನೆಯ ಮಹಾಯುದ್ಧದ ಮೇಲೆ ಅವನ ಊರಿನ ಜರ್ಮನರನ್ನೆಲ್ಲ ಹೊರಗಟ್ಟಿ, ಊರಿನ ಹೆಸರನ್ನೂ 1946ರಲ್ಲಿ ಕಲಿನಿನ್‌ಗ್ರಾಡ್ ಎಂದು ಬದಲಿಸಿದರು.

1848ರ ವೇಳೆಗೆ ಈ ಮಾತು ನನ್ನ ಕಸುಬಿನ ಬೀದಿಗೆ ಬಂತು. ಜಾನ್ ಸ್ಟೂವರ್ಟ್ ಮಿಲ್ ತನ್ನ ಅರ್ಥಶಾಸ್ತ್ರದಲ್ಲಿ, ಬಂಡವಾಳ ದಿನದಿನಕ್ಕೆ ಕಾಸ್ಮೊಪಾಲಿಟನ್ ಆಗುತ್ತಿದೆ ಎಂಬರ್ಥದಲ್ಲಿ ಬರೆದ. ಅದೇ ವರ್ಷ ಮಾರ್ಕ್ಸ್ ಎಂಗೆಲ್ಸರ ಪ್ರಣಾಳಿಕೆಯೂ ಸರಕಿನ ಉತ್ಪಾದನೆ ಹಾಗಾಗಿದೆ ಎಂದಿತು. ಇದು ನಿಜ. ದುಬೈಯಿಂದ ಹಣ ಈ ಊರಿನ ಖಾತೆಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ, ಅದನ್ನು ಕಳುಹಿಸಿದವನು ಬರಲು ಎಷ್ಟು ವರ್ಷ ಹಿಡಿಯುತ್ತದೆ, ಎರಡನ್ನೂ ಕೌಂಟರಿನ ಈಚೆಯಿಂದ ನೋಡುತ್ತಿರುವವನು ನಾನು.

ಈಗ ಈ ಶಬ್ದದ ಚರಿತ್ರೆಯಲ್ಲಿ ಎಲ್ಲಕ್ಕೂ ಕಪ್ಪಾದ ಪುಟಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು. 1949ರ ಜನವರಿ 28ರಂದು ಮಾಸ್ಕೋದ ‘ಪ್ರಾವ್ದಾ’ ಪತ್ರಿಕೆ ಕೆಲವು ನಾಟಕ ವಿಮರ್ಶಕರ ಮೇಲೆ ಲೇಖನವೊಂದನ್ನು ಪ್ರಕಟಿಸಿತು. ದೇಶಭಕ್ತಿಯಿಲ್ಲದವರ ಗುಂಪು ಇದು ಎಂಬುದು ಆಪಾದನೆ. ಮುಂದಿನ ತಿಂಗಳುಗಳಲ್ಲಿ ‘ಬೇರಿಲ್ಲದ ಕಾಸ್ಮೊಪಾಲಿಟನರು’ ಎಂಬ ಮಾತು ಪತ್ರಿಕೆಗಳಲ್ಲಿ, ಸಭೆಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಮೊಳಗಿತು. ಯೆಹೂದ್ಯರು ಎಂದು ಬಾಯಿಬಿಟ್ಟು ಹೇಳದೆ ಯೆಹೂದ್ಯರತ್ತ ಬೆರಳು ತೋರಿಸುವ ಉಪಾಯ ಅದಾಗಿತ್ತು. ರಷ್ಯನ್ ಹೆಸರಿಟ್ಟುಕೊಂಡು ಬರೆಯುತ್ತಿದ್ದವರ ಹೆಸರಿನ ಪಕ್ಕದಲ್ಲಿ ಅವರ ಹುಟ್ಟು ಹೆಸರನ್ನು ಅಚ್ಚುಹಾಕಿದರು. ಹಲವರ ಕೆಲಸ ಹೋಯಿತು, ಕೆಲವರು ಸೆರೆಮನೆ ಸೇರಿದರು.

ಯುದ್ಧಕಾಲದಲ್ಲಿ ಹಿಟ್ಲರನ ವಿರುದ್ಧ ಜಗತ್ತಿನ ಬೆಂಬಲ ಗಳಿಸಲು ಸೋವಿಯತ್ ಸರ್ಕಾರವೇ ಕಟ್ಟಿದ್ದ ಯೆಹೂದ್ಯರ ಸಮಿತಿಯೊಂದಿತ್ತು. ಅದನ್ನು 1948ರಲ್ಲಿಯೇ ಮುಚ್ಚಿ ಅದರ ಮುಂದಾಳುಗಳನ್ನು ಹಿಡಿದಿದ್ದರು. 1952ರ ಆಗಸ್ಟ್ 12ರ ರಾತ್ರಿ 13 ಜನರನ್ನು ಗುಂಡಿಟ್ಟು ಕೊಂದರು. ಪೆರೆಟ್ಸ್ ಮಾರ್ಕಿಷ್, ಡೇವಿಡ್ ಹೋಫ್‌ಸ್ಟೈನ್, ಲೈಬ್ ಕ್ವಿಟ್ಕೊ, ಡೇವಿಡ್ ಬರ್ಗೆಲ್ಸನ್, ಇಟ್ಸಿಕ್ ಫೆಫರ್, ಈ ಐವರು ಬರಹಗಾರರು ಅವರಲ್ಲಿದ್ದರು. ಐವರೂ ಬರೆಯುತ್ತಿದ್ದದ್ದು ಯಿಡ್ಡಿಷ್ ಭಾಷೆಯಲ್ಲಿ. ಎಂದರೆ, ತಾಯಿಯ ಮಡಿಲಲ್ಲಿ ಕಲಿತ, ಯಾವ ರಾಜ್ಯವೂ ಬೆನ್ನಿಗಿಲ್ಲದ ನುಡಿಯಲ್ಲಿ. ಅವರ ಮೇಲೆ ಹೊರಿಸಿದ ಆಪಾದನೆಗಳಲ್ಲಿ ಗೂಢಚರ್ಯೆಯ ಜೊತೆಗೆ ರಾಷ್ಟ್ರೀಯವಾದವೂ ಒಂದು! ಹೊರಗೆ ಬೀದಿಯಲ್ಲಿ ಇವರ ಜನಕ್ಕೆ ಬೇರೇ ಇಲ್ಲವೆಂಬ ಕೂಗು. ಒಳಗೆ ನ್ಯಾಯಾಲಯದಲ್ಲಿ ಇವರ ಬೇರು ಅತಿಯಾಯಿತೆಂಬ ಆಪಾದನೆ. ಸ್ಟಾಲಿನ್ ಸತ್ತದ್ದು 1953ರ ಮಾರ್ಚಿಯಲ್ಲಿ. 1955ರಲ್ಲಿ ಆ ತೀರ್ಪನ್ನು ರದ್ದುಮಾಡಿದರು. ಸತ್ತವರಿಗೆ ಅದರಿಂದ ಏನಾಗಬೇಕು?

ಈ ಭಾಗವನ್ನು ಓದಿದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ನಮ್ಮ ಕಟ್ಟಡದ ಸಮಿತಿಗೂ ಮಾಸ್ಕೋದ ಆ ಘೋರಕ್ಕೂ ಏನೂ ಸಂಬಂಧವಿಲ್ಲ. ಹಾಗೆ ಹೋಲಿಸುವುದು ಅನ್ಯಾಯ. ಆದರೆ ಒಂದು ವಿಷಯ ಸ್ಪಷ್ಟವಾಯಿತು. ಕಾಸ್ಮೊಪಾಲಿಟನ್ ಎಂಬುದು ಹೊಗಳಿಕೆಯೂ ಅಲ್ಲ, ಬೈಗುಳೂ ಅಲ್ಲ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ನೋಡದೆ ಅದರ ಬೆಲೆ ಕಟ್ಟಲಾಗದು. ಭೂಮಿಯೆಲ್ಲ ಒಂದೇ ಕುಟುಂಬವೆಂಬ ಸಂಸ್ಕೃತ ಶ್ಲೋಕ ತಮಗೆಲ್ಲ ಗೊತ್ತು. ಎಲ್ಲ ಸಮಾರಂಭಗಳಲ್ಲಿಯೂ ಕೇಳುತ್ತೇವೆ. ಹಿತೋಪದೇಶದಲ್ಲಿ ಅದನ್ನು ಹೇಳುವವರು ಯಾರು? ಜಿಂಕೆಯನ್ನು ತಿನ್ನಬೇಕೆಂದು ಹೊಂಚುಹಾಕಿ ಗೆಳೆತನ ಬೆಳೆಸಿದ ನರಿ! ಶ್ಲೋಕ ಸುಳ್ಳೇನೂ ಅಲ್ಲ. ಆದರೂ ಆ ಹೊತ್ತಿನಲ್ಲಿ ಜಿಂಕೆ ಶ್ಲೋಕವನ್ನು ಬಿಟ್ಟು ನರಿಯನ್ನು ನೋಡಬೇಕಾಗಿತ್ತು.

ನಮ್ಮ ಶಾಖೆಗೆ ತಿಂಗಳಿಗೊಮ್ಮೆ ಗಾರೆ ಕೆಲಸದ ಹಿರಿಯರೊಬ್ಬರು ಹಣ ಕಳುಹಿಸಲು ಬರುತ್ತಾರೆ. ರಾಯಚೂರು ಸೀಮೆಯವರು. ನನ್ನೊಡನೆ ಕನ್ನಡ, ನಗದು ಗುಮಾಸ್ತರೊಡನೆ ತೆಲುಗು, ಬಾಗಿಲ ಕಾವಲಿನವನೊಡನೆ ದಖ್ಖನಿ ಆಡುತ್ತಾರೆ. ಜೊತೆಗೆ ಕೆಲಸ ಮಾಡುವ ಒಡಿಶಾದ ಹುಡುಗರಿಂದ ಅವರ ಮಾತನ್ನೂ ಅಷ್ಟಿಷ್ಟು ಕಲಿತಿದ್ದಾರೆ. ಚೀಟಿ ತುಂಬಿಕೊಡಿರೆಂದು ನನ್ನ ಮುಂದೆ ನಿಲ್ಲುತ್ತಾರೆ, ಏಕೆಂದರೆ ಚೀಟಿಯಲ್ಲಿ ಕನ್ನಡವಿಲ್ಲ. ನಾಲ್ಕು ಭಾಷೆಯಲ್ಲಿ ನಾಲ್ಕು ನಾಡಿನವರ ಕಷ್ಟಸುಖ ವಿಚಾರಿಸುವ ಇವರನ್ನು ಯಾರೂ ಕಾಸ್ಮೊಪಾಲಿಟನ್ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಆ ಬಿರುದು ಒಂದೇ ಭಾಷೆಯಲ್ಲಿ ಎಲ್ಲ ಕಡೆ ಕೆಲಸ ಸಾಗಿಸಿಕೊಳ್ಳುವವರಿಗೆ ಹೋಗಿದೆ. ಈ ಒಂದು ಬಾಬಿನಲ್ಲಿ ಲೆಕ್ಕ ತಪ್ಪಿದೆಯೆಂದು ನನಗೆ ಅನ್ನಿಸುತ್ತದೆ.

ರಾಷ್ಟ್ರಪೂಜೆಯನ್ನು ಅತಿ ಕಟುವಾಗಿ ಟೀಕಿಸಿದ ಭಾರತೀಯರೆಂದರೆ ರವೀಂದ್ರನಾಥ ಠಾಕೂರರು. 1916ರಲ್ಲಿ ಜಪಾನಿನಲ್ಲಿಯೂ ಮುಂದೆ ಅಮೆರಿಕದಲ್ಲಿಯೂ ಅವರು ಮಾಡಿದ ಭಾಷಣಗಳು 1917ರಲ್ಲಿ ‘ನ್ಯಾಷನಲಿಸಂ’ ಎಂಬ ಪುಸ್ತಕವಾದವು. ಅದರಲ್ಲಿ ಅವರು ರಾಷ್ಟ್ರಪೂಜೆಯ ಜೊತೆಗೆ ಕಾಸ್ಮೊಪಾಲಿಟನ್ ತತ್ತ್ವವನ್ನೂ ನಿಲ್ಲಿಸಿ, ಒಂದು ಉಗ್ರ, ಇನ್ನೊಂದು ಬಣ್ಣವಿಲ್ಲದ್ದು, ಮನುಷ್ಯಚರಿತ್ರೆಯ ಗುರಿ ಎರಡೂ ಅಲ್ಲವೆಂಬ ಅಭಿಪ್ರಾಯ ಕೊಟ್ಟರು. ಶಾಂತಿನಿಕೇತನಕ್ಕೆ ಜಗತ್ತನ್ನೆಲ್ಲ ಕರೆದ ಅವರು ಪದ್ಯ ಬರೆದದ್ದು ಬಂಗಾಳಿಯಲ್ಲಿ.

ನಮ್ಮ ಕುವೆಂಪು ಅವರದೂ ಇಂಥದೇ ಒಂದು ಪ್ರಸಂಗವಿದೆ. ತರುಣರಾಗಿದ್ದಾಗ ಅವರು ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದರು. 1922ರಲ್ಲಿ ಒಂದು ಚಿಕ್ಕ ಸಂಗ್ರಹವೂ ಬಂದಿತ್ತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವುಗಳನ್ನು ನೋಡಿ, ನಿಮ್ಮ ನುಡಿಯಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದರು. ತರುಣ ಕವಿಗೆ ಆಗ ಅದು ರುಚಿಸಲಿಲ್ಲ. ಮುಂದೆ ನಡೆದದ್ದು ತಮಗೆ ತಿಳಿದೇ ಇದೆ. ವಿಶ್ವಮಾನವನೆಂಬ ಮಾತನ್ನು ಕನ್ನಡಕ್ಕೆ ಮನೆಮಾತಾಗಿ ಮಾಡಿದವರೂ ಅವರೇ, 2004ರಲ್ಲಿ ನಾಡಗೀತೆಯೆಂದು ಘೋಷಿತವಾದ ಗೀತೆಯನ್ನು ಬರೆದವರೂ ಅವರೇ. ಕನ್ನಡ ಮೊದಲೆಂದು ಅವರಿಗೆ ನೆನಪು ಮಾಡಿದವನು ಊರು ಬಿಟ್ಟು ಊರಿಗೆ ಬಂದ ಒಬ್ಬ ಪರದೇಶಿ. ಇಂಥವನನ್ನು ಕಾಸ್ಮೊಪಾಲಿಟನ್ ಎಂದರೆ ನನಗೆ ಸಂಪೂರ್ಣ ಒಪ್ಪಿಗೆ.

ಇನ್ನು ಈ ಸಭೆಗೆ ಅತಿ ಹತ್ತಿರದವನಾದ ಒಬ್ಬನ ಹೆಸರು ಹೇಳದೆ ಮುಂದೆ ಹೋಗಲಾರೆ. ಅವನು ಪಂಪ. ಇಲ್ಲಿಂದ ಸುಮಾರು 150 ಕಿಲೋಮೀಟರ್ ದೂರದ ವೇಮುಲವಾಡದಲ್ಲಿ ಆಳುತ್ತಿದ್ದ ಅರಿಕೇಸರಿಯ ಆಸ್ಥಾನಕವಿ. ನಾವು ದರ್ಶನಕ್ಕೆ ಹೋಗಿ ಬರುವ ರಾಜರಾಜೇಶ್ವರನ ವೇಮುಲವಾಡವೇ ಅದು. 941ರ ಆದಿಪುರಾಣದಲ್ಲಿ ಮನುಷ್ಯರೆಲ್ಲರದೂ ಒಂದೇ ಜಾತಿಯೆಂದು ಸಾರಿದವನು ಈ ಪಂಪನೇ. ಅರ್ಜುನನ ಕಥೆ ಹೇಳುತ್ತ ಹೇಳುತ್ತ ನಡುವೆ ಬನವಾಸಿಯನ್ನು ನೆನೆದು ಹಂಬಲಿಸಿದವನೂ ಈ ಪಂಪನೇ. ಎರಡನ್ನೂ ಒಬ್ಬನೇ ಹೇಳಿದನಲ್ಲ, ಹೇಗೆಂದು ವಿದ್ವಾಂಸರು ಕೇಳಬಹುದು, ನಮಗೆ ಕೇಳಬೇಕಾಗಿಲ್ಲ. ಅವನ ತಮ್ಮ ಜಿನವಲ್ಲಭ ಕರೀಂನಗರದ ಕಡೆಯ ಕುರ್ಕ್ಯಾಲದ ಬಂಡೆಯ ಮೇಲೆ ಶಾಸನವೊಂದನ್ನು ಕೆತ್ತಿಸಿದ್ದಾನೆ. ಅದು ಸಂಸ್ಕೃತದಲ್ಲಿದೆ, ಕನ್ನಡದಲ್ಲಿದೆ, ತೆಲುಗಿನಲ್ಲಿಯೂ ಇದೆ.

ಆ ಮೂರನೆಯ ಭಾಷೆಯ ಮುಂದೆ ನಾನು ತಲೆತಗ್ಗಿಸಬೇಕಾಯಿತು. ಈ ಊರಿಗೆ ಬಂದು 11 ವರ್ಷವಾಯಿತು. ಬೆಂಗಳೂರಿಗೆ ಬಂದವರು ಕನ್ನಡ ಕಲಿಯುವುದಿಲ್ಲವೆಂದು ಇದೇ ವೇದಿಕೆಯಿಂದ ನಾವು ಎಷ್ಟು ಸಲ ದೂರಿಲ್ಲ! ನನ್ನ ತೆಲುಗಾದರೋ ಇಂದಿಗೂ ಕೌಂಟರಿನ ತೆಲುಗು: ಎಷ್ಟು, ಎಲ್ಲಿ, ರುಜು ಹಾಕಿ, ನಾಳೆ ಬನ್ನಿ. ಓದಲು ಬಾರದು. ಅವರ ಲಿಪಿಯೂ ನಮ್ಮದೂ ಒಡಹುಟ್ಟಿದವು. ನಮ್ಮ ತಲೆಕಟ್ಟು ಅಲ್ಲಿ ಸ್ವಲ್ಪ ಕೊಂಕಿದೆ, ಕೆಲವು ಅಕ್ಷರಗಳು ಮುಖ ತಿರುಗಿಸಿವೆ, ಹದಿನೈದು ದಿನದ ಕೆಲಸ. ನವೆಂಬರ್ 1ನ್ನು ನಾವು ಇಲ್ಲಿ ಆಚರಿಸುತ್ತೇವೆ. 1956ರ ಆ ದಿನವೇ ಹಳೆಯ ಹೈದರಾಬಾದ್ ರಾಜ್ಯ ಒಡೆದು ಬೀದರ, ಗುಲ್ಬರ್ಗ, ರಾಯಚೂರು ಸೀಮೆಗಳು ಆ ಕಡೆಗೂ ತೆಲುಗು ಜಿಲ್ಲೆಗಳು ಈ ಕಡೆಗೂ ಹೋದದ್ದು. ಅಷ್ಟು ಹತ್ತಿರದವರ ಅಕ್ಷರ ನನಗೆ ತಿಳಿಯದು. ಕನ್ನಡ ತರಗತಿಗೆಂದು ಸಮಿತಿಗೆ ನಾವು ಕೊಟ್ಟ ಅರ್ಜಿ ಯಾವ ಭಾಷೆಯಲ್ಲಿತ್ತು ಗೊತ್ತೇ? ಇಂಗ್ಲಿಷಿನಲ್ಲಿ. ಇದು ಭಾಷೆಯ ಗೊಡವೆಯಿಲ್ಲದ ಕಟ್ಟಡವೆಂದು ಸಮಿತಿಯವರಿಗಿಂತ ಮೊದಲು ಒಪ್ಪಿಕೊಂಡವನು ನಾನೇ.

ಆದ್ದರಿಂದ ಹೋದ ತಿಂಗಳು ಇನ್ನೊಂದು ಅರ್ಜಿ ಬರೆದೆ, ತೆಲುಗಿನಲ್ಲಿ. ಮೂರನೆಯ ಮಹಡಿಯಲ್ಲಿ ನಿವೃತ್ತರಾದ ತೆಲುಗು ಮೇಷ್ಟ್ರೊಬ್ಬರಿದ್ದಾರೆ. ಅವರ ಮುಂದೆ ಕುಳಿತು ಶಾಲೆಯ ಹುಡುಗನ ಹಾಗೆ ಬರೆದು ತೋರಿಸಿದೆ. ಅವರು ನಾಲ್ಕು ಕಡೆ ಒತ್ತು ತಿದ್ದಿ, ಕೆಳಗೆ ತಮ್ಮ ರುಜುವನ್ನೂ ಹಾಕಿದರು, ಪರಿಚಯಸ್ಥರ ರುಜು. ಸಮಿತಿಯಿಂದ ಇನ್ನೂ ಉತ್ತರ ಬಂದಿಲ್ಲ. ಮಗಳು ಮಾತ್ರ ನನ್ನ ತೆಲುಗು ಅಕ್ಷರಗಳನ್ನು ನೋಡಿ, “ಅಪ್ಪಾ, ನಿನ್ನ ಬರಹ ನನ್ನಕಿಂತ ಕೆಟ್ಟದ” ಎಂದಳು.

ಅಪ್ಪಣೆ ಬರುವವರೆಗೆ ತರಗತಿ ನಮ್ಮ ಮನೆಯಲ್ಲಿಯೇ ನಡೆಯುತ್ತದೆ, ಭಾನುವಾರ ಬೆಳಿಗ್ಗೆ 10ರಿಂದ 11ರವರೆಗೆ. ಈಗ ಹನ್ನೊಂದು ಮಕ್ಕಳು ಬರುತ್ತಿದ್ದಾರೆ. ನೆಲದ ಮೇಲೆ ಇನ್ನೂ ಐದಾರು ಮಂದಿಗೆ ಸ್ಥಳವಿದೆ. ಸುತ್ತಮುತ್ತಲಿನ ಮನೆಯವರು ಮಕ್ಕಳನ್ನು ಒಂದು ಗೆರೆಯ ನೋಟುಬುಕ್ಕು, ಒಂದು ಪೆನ್ಸಿಲು ಕೊಟ್ಟು ಕಳುಹಿಸಬೇಕೆಂದು ಕೋರುತ್ತೇನೆ. ತೆಲುಗು ಅಕ್ಷರ ಕಲಿಯಬೇಕೆಂಬ ದೊಡ್ಡವರು 11 ಗಂಟೆಯ ಮೇಲೆ ಬನ್ನಿ; ಮೇಷ್ಟ್ರು ಆ ಹೊತ್ತಿಗೆ ಕೆಳಗೆ ಇಳಿದು ಬರುತ್ತಾರೆ.